ಕುಂಕುಮ, ಸೂಜಿ, ಕೂದಲಿನ ಹುರಿ: ಶೀಲಾ ಗೌಡ ಅವರ ಕಲೆ

ಭೋಸರಿಯ ಔದ್ಯೋಗಿಕ ವಲಯದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೆ ಲಾರಿಗಳ ಸಾಲು ನಿತ್ಯದ ನೋಟ. ಪುಣೆ-ನಾಸಿಕ ಹೆದ್ದಾರಿಯಲ್ಲಿ ಸಾಗುವ ಆ ವಾಹನಗಳ ಮುಂಭಾಗದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿರುತ್ತವೆ. ದಕ್ಷಿಣದ ಕಡೆಯ ಗಾಡಿಯಾದರೆ ಬಂಪರಿಗೆ ಕಪ್ಪು ಹುರಿಯೊಂದನ್ನು ಬಿಗಿದಿರುವುದೂ ಉಂಟು. ಅದು ಮನುಷ್ಯರ ಕೂದಲಿನಿಂದ ಹೊಸೆದ ಹುರಿ. ದೃಷ್ಟಿ ತಾಗದಿರಲಿ, ಅಪಘಾತವಾಗದಿರಲಿ ಎಂದು ಕಟ್ಟುವ ರಕ್ಷೆ. ಈ ರಕ್ಷೆಯನ್ನೇ ಜಗತ್ತಿನ ಕಲಾರಸಿಕರ ಮುಂದಿಟ್ಟವರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು.

ಶೀಲಾ ಅವರು ಮೂಲತಃ ವರ್ಣಚಿತ್ರ ಕಲಾವಿದೆ. ಆರ್.ಎಂ. ಹಡಪದ್ ಅವರು ಕಟ್ಟಿ ಬೆಳೆಸಿದ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಅಭ್ಯಾಸ ಮಾಡಿದವರು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿಯ ಧ್ವಂಸ, ಅದರ ಬೆನ್ನಲ್ಲೇ ಮುಂಬಯಿಯ ಗಲಭೆಗಳು ನಡೆದವು. ಆ ಹಿಂಸೆಯ ಕಾಲದಲ್ಲಿ ಅವರು ತೈಲವರ್ಣದಿಂದ ದೂರ ಸರಿದು ಸಗಣಿಯನ್ನು ಕೈಗೆತ್ತಿಕೊಂಡರು. ನೆಲ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ಕೈ ಬಲ್ಲ ವಸ್ತು ಅದು.

ಅವರ ಅತ್ಯಂತ ಪ್ರಸಿದ್ಧ ಕೃತಿ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಮೊದಲು ರೂಪುಗೊಂಡದ್ದು 1998ರಲ್ಲಿ. ‘ನನ್ನ ನೋವನ್ನು ಅವನಿಗೆ ತಿಳಿಸು’ ಎಂದು ಅದರರ್ಥ. ಸೂಜಿಯ ಕಣ್ಣಿನಲ್ಲಿ ನೂರಾರು ಅಡಿ ಉದ್ದದ ದಾರವನ್ನು ಪೋಣಿಸಿ, ಸೂಜಿ ದಾರದ ನಡುಮಧ್ಯಕ್ಕೆ ಬರುವವರೆಗೂ ಎಳೆಯಬೇಕು. ಇಂಥ ಹಲವಾರು ಎಳೆಗಳನ್ನು ಕೂಡಿಸಿ, ಅಂಟು ಬೆರೆಸಿದ ಕುಂಕುಮವನ್ನು ಲೇಪಿಸಿ ಕೆಂಪು ಹಗ್ಗವನ್ನಾಗಿ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಹಗ್ಗ ಗೋಡೆಯ ಮೇಲೆ ತೂಗಿ, ನೆಲದ ಮೇಲೆ ಸುರುಳಿ ಸುತ್ತಿ, ಕೋಣೆಯನ್ನೇ ಚಿತ್ರಪಟವಾಗಿಸುತ್ತದೆ. ಕಲಾವಿಮರ್ಶಕರು ಇದನ್ನು ಪ್ರತಿಷ್ಠಾಪನ ಕಲೆ ಎನ್ನುತ್ತಾರೆ. ನನ್ನ ಕಣ್ಣಿಗೆ ಮಾತ್ರ ಇದು ಚೌಕಟ್ಟಿನಿಂದ ಹೊರಬಂದ ವರ್ಣಚಿತ್ರವೇ.

ಇಲ್ಲಿ ಪೆಟ್ಟು ತಿಂದ ದೇಹವಿಲ್ಲ, ಗಾಯದ ಚಿತ್ರಣವಿಲ್ಲ. ಆದರೂ ನೋಡುವವರಿಗೆ ಕರುಳು, ಹೊಕ್ಕುಳಬಳ್ಳಿ, ನೆತ್ತರು ನೆನಪಾಗದೆ ಇರದು. ಹಣೆಯ ಮೇಲೆ ಮಂಗಳಕರವೆನಿಸಿದ ಕುಂಕುಮವೇ ಇಲ್ಲಿ ರಕ್ತದ ಬಣ್ಣ ತಳೆಯುತ್ತದೆ. ಮುತ್ತೈದೆತನವೇ ಹೆಣ್ಣಿಗೆ ರಕ್ಷೆ ಎಂದು ನಂಬಿ ಬಂದ ನಮ್ಮ ಮನೆಗಳಲ್ಲಿ, ಆ ರಕ್ಷೆಯೊಳಗೇ ಪೆಟ್ಟು ತಿಂದು ಬಾಯಿಬಿಡದ ಹೆಂಗಸರನ್ನು ನಾವು ಕಂಡಿಲ್ಲವೇ? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ರಚನೆಯಾದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತವಷ್ಟೇ ಅಲ್ಲ, ಮಾತಿನ ಹಿಂಸೆ, ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಯೂ ದೌರ್ಜನ್ಯವೇ ಎಂದು ಕಾನೂನು ಒಪ್ಪಿಕೊಂಡಿತು. ಶೀಲಾ ಅವರ ಸೂಜಿಗಳು ಆ ವೇಳೆಗೆ ಎಂಟು ವರ್ಷ ಹಳೆಯವು.

ಇನ್ನು ಲಾರಿಯ ಹುರಿ. ದೇವಸ್ಥಾನಗಳಲ್ಲಿ ಹರಕೆ ಹೊತ್ತವರು ಕೊಟ್ಟ ಮುಡಿಯಲ್ಲಿ ಉದ್ದನೆಯ ಕೂದಲು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ. ಗಿಡ್ಡ ಕೂದಲು ಹುರಿಯಾಗುತ್ತದೆ. 2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ‘ಬಿಹೋಲ್ಡ್’ ಎಂಬ ಕೃತಿಗೆ ಅವರು ಬಳಸಿದ್ದು ಇಂಥ ಹುರಿಯನ್ನೇ, ಸುಮಾರು 4 ಕಿಲೋಮೀಟರು. ಅದರ ಜೊತೆಗೆ 20ರಷ್ಟು ಕಾರಿನ ಬಂಪರುಗಳು. ರಸ್ತೆಯಲ್ಲಿ ಉಕ್ಕಿಗೆ ಕೂದಲನ್ನು ಕಟ್ಟುತ್ತಾರೆ. ಇಲ್ಲಿ ಉಕ್ಕನ್ನೇ ಕೂದಲು ಎತ್ತಿ ಹಿಡಿದಿದೆ; ಅಷ್ಟೂ ಭಾರ ಹೆಸರಿಲ್ಲದ ಭಕ್ತರ ಹರಕೆಯ ಮೇಲಿದೆ. ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.