ಮೊಟ್ಟೆ ನಿಂತ ಮೇಲೆ

ಕನ್ನಡದಲ್ಲಿ ಕೋಳಿಯ ಮಾತಿಗೆ ಬರವಿಲ್ಲ. "ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ?" ಎಂದು ಗಾದೆ. ತನ್ನ ಕೋಳಿ ಕೂಗದಿದ್ದರೆ ಊರಿಗೇ ಬೆಳಗಾಗದು ಎಂದುಕೊಂಡ ಮುದುಕಿಯ ಕಥೆಯನ್ನು ನಿಮ್ಮ ಅಜ್ಜಿಯಂದಿರು ಹೇಳಿಯೇ ಇರುತ್ತಾರೆ. ಚಿನ್ನದ ಮೊಟ್ಟೆಯ ಆಸೆಗೆ ಕೋಳಿಯ ಹೊಟ್ಟೆ ಕುಯ್ದವನ ಕಥೆಯಂತೂ ಎಲ್ಲರಿಗೂ ಗೊತ್ತು. ಇವೆಲ್ಲದರಲ್ಲೂ ಕೋಳಿ ಕೂಗುತ್ತದೆ, ಇಲ್ಲವೇ ಮೊಟ್ಟೆ ಇಡುತ್ತದೆ, ಇಲ್ಲವೇ ಸಾರಾಗುತ್ತದೆ. ಕೋಳಿಗೆ ಮುಪ್ಪು ಬಂದ ಕಥೆಯನ್ನು ಮಾತ್ರ ನಾನು ಎಲ್ಲೂ ಕೇಳಿಲ್ಲ. ಕಾರಣ ಸರಳ. ಮುಪ್ಪು ಬರುವವರೆಗೆ ಅದನ್ನು ಉಳಿಸಿಕೊಳ್ಳುವವರೇ ಕಡಿಮೆ.

ಯುವ ಮಿತ್ರರೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇಂದು ನಾಯಿ, ಬೆಕ್ಕು, ಗಿಳಿ ಇವೆ. ಸಾಕಿದ ಜೀವಕ್ಕೆ ವಯಸ್ಸಾಗಿ ಕಾಯಿಲೆ ಬಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ ಇಂದಲ್ಲ ನಾಳೆ ನಿಮ್ಮೆದುರು ನಿಲ್ಲುತ್ತದೆ. ನಮಗೆ ಆ ಪಾಠ ಹೇಳಿಕೊಟ್ಟದ್ದು ಒಂದು ಬಿಳಿ ಹೇಂಟೆ.

ನಾವು ಕುಂದಾಪುರದ ಕಡೆಯವರು. ವಸಾಯಿಯಲ್ಲಿ ಮನೆ, ಮುಂದೆ ಚಿಕ್ಕ ಅಂಗಳ, ಎರಡು ತೆಂಗಿನ ಮರ. ಭಾನುವಾರ ಕೋಳಿ ಸಾರು ಮಾಡುವ ಮನೆಯೇ ನಮ್ಮದು, ಅದರಲ್ಲಿ ಮುಚ್ಚುಮರೆಯೇನಿಲ್ಲ. 2019ರ ಒಂದು ಶನಿವಾರ ಯಜಮಾನರು ಫಾರ್ಮಿನವರು ಮಾರುತ್ತಿದ್ದ ಹಳೆಯ ಕೋಳಿಯೊಂದನ್ನು ಅಗ್ಗಕ್ಕೆ ತಂದರು. ಫಾರ್ಮುಗಳಲ್ಲಿ ಸುಮಾರು ಒಂದೂವರೆ ವರ್ಷವಾಗಿ ಮೊಟ್ಟೆ ಕಡಿಮೆಯಾಗತೊಡಗಿದರೆ ಕೋಳಿಗಳನ್ನು ಮಾಂಸಕ್ಕೆ ಮಾರಿಬಿಡುತ್ತಾರೆ. ಮರುದಿನ ಬೆಳಿಗ್ಗೆ ನೋಡಿದರೆ ಬುಟ್ಟಿಯೊಳಗೆ ಒಂದು ಮೊಟ್ಟೆ! ಕಾಲೇಜಿಗೆ ಹೋಗುತ್ತಿದ್ದ ಮಗಳು ಬುಟ್ಟಿಗೆ ಅಡ್ಡ ನಿಂತಳು. "ಬಾಡಿಗೆ ಕೊಟ್ಟವರನ್ನು ಕೊಲ್ಲುತ್ತೀರಾ ಅಪ್ಪಾ?" ಎಂದಳು. ಅಂದಿನಿಂದ ಅದು 'ಬೆಳ್ಳಿ'ಯಾಯಿತು. ಒಮ್ಮೆ ಹೆಸರಿಟ್ಟ ಮೇಲೆ ಯಾರು ತಾನೇ ಖಾರ ಅರೆದಾರು?

ಇನ್ನೂ ಎರಡು ಮೂರು ವರ್ಷ ಬೆಳ್ಳಿ ಆಗೊಂದು ಈಗೊಂದು ಮೊಟ್ಟೆ ಇಟ್ಟಳು. 2022ರಲ್ಲಿ ಅದೂ ನಿಂತಿತು. ಬೆಳಿಗ್ಗೆ ಅತ್ತೆಯವರ ಕುರ್ಚಿಯ ಕೆಳಗೆ ಕೂರುವುದು, ಸಂಜೆ ಅಂಗಳದಲ್ಲಿ ಎರೆಹುಳ ಕೆದಕುವುದು, ಇಷ್ಟೇ ಅವಳ ಕೆಲಸ. ಕೋಳಿ ಐದಾರು ವರ್ಷದಿಂದ ಎಂಟು ಹತ್ತು ವರ್ಷದವರೆಗೂ ಬದುಕಬಲ್ಲದು. ಅಮೆರಿಕದ ಮಿಷಿಗನ್‌ನಲ್ಲಿದ್ದ 'ಪೀನಟ್' ಎಂಬ ಹೇಂಟೆ 20 ವರ್ಷ ದಾಟಿ 2023ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಾಗ ಅದಕ್ಕೆ 21.

ಕಾಯಿಲೆಯ ಮೂಲ

2024ರ ಮಳೆಗಾಲದಲ್ಲಿ ಬೆಳ್ಳಿಯ ನಡಿಗೆ ಬದಲಾದದ್ದನ್ನು ಮೊದಲು ಕಂಡವರು ಎಂಬತ್ತು ದಾಟಿದ ಅತ್ತೆಯವರು. "ಬಸುರಿ ನಡೆದ ಹಾಗೆ ನಡೀತಾ ಉಂಟಲ್ಲ" ಎಂದರು. ಬಾಲ ಕೆಳಗೆ ಬಿದ್ದಿತ್ತು, ಜುಟ್ಟಿನ ಕೆಂಪು ಮಾಸಿತ್ತು, ಹೊಟ್ಟೆ ನೀರು ತುಂಬಿದ ಚೀಲದಂತಿತ್ತು. ಎದೆಯ ಮೂಳೆ ಮಾತ್ರ ದೋಣಿಯ ಅಡಿಯಂತೆ ಕೈಗೆ ಚುಚ್ಚುತ್ತಿತ್ತು. ಮೈಯೆಲ್ಲ ಕರಗಿ ಹೊಟ್ಟೆಯೊಂದೇ ಬೆಳೆದಿತ್ತು.

ಮೊದಲು ಹೋದ ದವಾಖಾನೆಯಲ್ಲಿ ಬುಟ್ಟಿಯ ಮುಚ್ಚಳವನ್ನೂ ತೆಗೆಯಲಿಲ್ಲ. "ಇದಕ್ಕೆ ಖರ್ಚು ಮಾಡುವ ಬದಲು ಹೊಸ ಕೋಳಿ ತನ್ನಿ" ಎಂದುಬಿಟ್ಟರು. ನನಗೆ ಬಿ.ಎ.ಯಲ್ಲಿ ಓದಿದ ಚಾಸರ್ ಕವಿಯ ಕಥೆ ನೆನಪಾಯಿತು. ಕೆಟ್ಟ ಕನಸು ಕಂಡ ಹುಂಜನಿಗೆ ಅದರಲ್ಲಿ ಹೇಂಟೆಯೇ ಔಷಧ ಹೇಳುತ್ತದೆ. ಆದರೆ ಹೇಂಟೆಗೆ ಔಷಧ ಹೇಳುವವರು ಯಾರು? ಎರಡು ದಿನ ವಿಚಾರಿಸಿದ ಮೇಲೆ ಹಕ್ಕಿಗಳನ್ನು ನೋಡುವ ವೈದ್ಯರೊಬ್ಬರು ಸಿಕ್ಕಿದರು. ಸೂಜಿಯಿಂದ ಹೊಟ್ಟೆಯ ನೀರು ತೆಗೆದು ಅವರು ವಿವರಿಸಿದ್ದನ್ನು ನಿಮಗೂ ಹೇಳಬೇಕು.

ಕೋಳಿಯ ಮೂಲ ವಂಶವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ಆಯ್ದು ಆಯ್ದು ತಳಿ ಬೆಳೆಸಿ ಮನುಷ್ಯರು ಅದನ್ನು ಮುನ್ನೂರಕ್ಕೆ ತಂದಿದ್ದಾರೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಪ್ರತಿ ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣದ ಅಂಶ ಮೈಯಿಂದಲೇ ಬರಬೇಕು. ಕೋಳಿಗೆ ಕೆಲಸ ಮಾಡುವ ಅಂಡಾಶಯ ಒಂದೇ, ಎಡಗಡೆಯದು. ವರ್ಷಗಟ್ಟಲೆ ಬಿಡುವಿಲ್ಲದೆ ದುಡಿದ ಆ ಅಂಗವೇ ಮುಪ್ಪಿನಲ್ಲಿ ಕೈಕೊಡುತ್ತದೆ. ಹಳದಿ ಭಂಡಾರ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಕೀವಾಗಬಹುದು, ಇಲ್ಲವೇ ಗಡ್ಡೆ ಬೆಳೆದು ನೀರು ತುಂಬಬಹುದು. ಹೆಂಗಸರಿಗೆ ಬರುವಂಥ ಅಂಡಾಶಯದ ಕ್ಯಾನ್ಸರ್ ಕೋಳಿಗೂ ತಾನಾಗಿಯೇ ಬರುವುದರಿಂದ ವಿಜ್ಞಾನಿಗಳು ಆ ರೋಗವನ್ನು ಅರಿಯಲು ಕೋಳಿಗಳನ್ನೇ ಅಭ್ಯಾಸ ಮಾಡುತ್ತಾರೆ. ಬೆಳ್ಳಿಗೆ ಗಡ್ಡೆಯೇ ಇರಬೇಕೆಂದು ವೈದ್ಯರ ಅಂದಾಜು.

ಅಂದರೆ ಅವಳ ಕಾಯಿಲೆ ನಮ್ಮ ಬೆಳಗಿನ ಆಮ್ಲೆಟ್ಟಿಗೆ ತೆತ್ತ ಬೆಲೆ! ಇದನ್ನು ಕೇಳಿದ ಮೇಲೆ ಯಜಮಾನರು ಆಟೋ ಬಾಡಿಗೆಯ ಮಾತನ್ನು ಎತ್ತಲೇ ಇಲ್ಲ.

ಆರೈಕೆ ಹೇಗೆ?

ಹಕ್ಕಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಕಾಡಿನಲ್ಲಿ ಸೊರಗಿದ್ದು ಮೊದಲು ಬೇಟೆಯಾಗುತ್ತದಲ್ಲ, ಆ ಭಯ ರಕ್ತದಲ್ಲೇ ಇದೆ. ಆದ್ದರಿಂದ ಬೆಳಿಗ್ಗೆ ಗೂಡು ತೆರೆದಾಗ ಒಂದು ನಿಮಿಷ ನಿಂತು ನೋಡಬೇಕು. ಪುಕ್ಕ ಕೆದರಿದೆಯೇ? ಗುಂಪಿನಿಂದ ದೂರ ನಿಂತಿದೆಯೇ? ಹಿಕ್ಕೆ ನೀರಾಗಿದೆಯೇ? ಕತ್ತಿನ ಬುಡದ ಕಾಳಿನ ಚೀಲ ರಾತ್ರಿ ಕಳೆಯುವುದರೊಳಗೆ ಖಾಲಿಯಾಗಬೇಕು; ಬೆಳಿಗ್ಗೆಯೂ ತುಂಬಿಯೇ ಇದ್ದರೆ ಜೀರ್ಣ ಕೆಟ್ಟಿದೆ ಎಂದರ್ಥ. ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುವುದು ಸಹಜ. ಕೈಗೆ ಸುಟ್ಟಂತಾದರೆ ಜ್ವರವೆಂದು ಹೆದರಬೇಡಿ.

ಬೆಳ್ಳಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಅತ್ತೆಯವರ ಹಳೆಯ ನೂಲಿನ ಸೀರೆ ಹಾಸಿ, ಒಂದು ಮೂಲೆಗೆ ಮಾತ್ರ ಬಲ್ಬಿನ ಬಿಸಿ ತಾಗುವಂತೆ ಇಟ್ಟೆವು. ಹೆಚ್ಚೆನಿಸಿದರೆ ಅವಳೇ ಸರಿದು ಕೂರಬೇಕು. ಉಪ್ಪಿಲ್ಲದ ಮೆತ್ತಗಿನ ಗಂಜಿ, ನೆನೆಸಿದ ಮೇವು, ಚಿಟಿಕೆಯಷ್ಟು ಬೇಯಿಸಿದ ಮೊಟ್ಟೆ ಅವಳ ಊಟ. ನೀರನ್ನು ಬಾಯಿಗೆ ಸುರಿಯಬಾರದು. ನಾಲಿಗೆಯ ಬುಡದಲ್ಲೇ ಉಸಿರಿನ ದಾರಿ ತೆರೆದಿರುತ್ತದೆ. ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಟ್ಟರೆ ತಾನೇ ನುಂಗುತ್ತದೆ. ಕೋಳಿ ಉಸಿರಾಡುವಾಗ ಎದೆಯ ಮೂಳೆ ಆಡಬೇಕು. ಪ್ರೀತಿಯೆಂದು ಗಟ್ಟಿಯಾಗಿ ಅಪ್ಪಿದರೆ ಉಸಿರು ಕಟ್ಟುತ್ತದೆ. ಹೊಟ್ಟೆಯಲ್ಲಿ ನೀರಿದ್ದಾಗ ಬೆನ್ನ ಮೇಲೆ ಮಲಗಿಸಲೇಬಾರದು. ಹಿಂಭಾಗದ ಪುಕ್ಕ ಕೊಳೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು.

ನಿಮ್ಮ ಎಚ್ಚರವೂ ಮುಖ್ಯ. ಕೋಳಿಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಹರಡಬಹುದು; ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮುಖಕ್ಕೆ ಮುಖ ತಾಗಿಸಬೇಡಿ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಅಳತೆಯಿಲ್ಲದೆ ಕೊಡಬೇಡಿ. ಔಷಧ ನಡೆಯುತ್ತಿರುವಾಗ ಇಟ್ಟ ಮೊಟ್ಟೆಯನ್ನು ವೈದ್ಯರನ್ನು ಕೇಳದೆ ತಿನ್ನಬೇಡಿ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ನಮ್ಮ ಮಹಾರಾಷ್ಟ್ರದ ನವಾಪುರದಲ್ಲೇ.

ವೈದ್ಯರು ಸಿಗುವುದಿಲ್ಲವೆಂದು ಕೈಚೆಲ್ಲಬೇಡಿ. ಮುಂಬಯಿಯ ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ದೆಹಲಿಯಲ್ಲಿ ಕೆಂಪುಕೋಟೆಯೆದುರಿನ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗೇ ಮೀಸಲಾದ ಧರ್ಮಾಸ್ಪತ್ರೆಯುಂಟು. ಅದು 1929ರಲ್ಲಿ ಶುರುವಾದದ್ದು. ಚೆನ್ನೈನವರಿಗೆ ವೇಪೇರಿಯಲ್ಲಿ 1903ರ ಮದ್ರಾಸ್ ಪಶುವೈದ್ಯ ಕಾಲೇಜು, ರಜೆಗೆ ಊರಿಗೆ ಹೋದವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು ಇವೆ.

ಕೊನೆಯ ನಿರ್ಧಾರ

ನೀರು ತೆಗೆದ ಮೇಲೆ ಬೆಳ್ಳಿ ಮೂರು ವಾರ ಮೊದಲಿನಂತೆ ಓಡಾಡಿದಳು. ಮತ್ತೆ ತುಂಬಿತು, ಮತ್ತೆ ತೆಗೆಸಿದೆವು. ಈ ಬಾರಿ ಸುಖ ಸಿಕ್ಕಿದ್ದು ಐದೇ ದಿನ. ಮೂರನೆಯ ಸಲ ವೈದ್ಯರು, "ತೆಗೆಯಬಲ್ಲೆ, ಆದರೆ ಅದು ನಿಮಗಾಗಿ, ಅವಳಿಗಾಗಿ ಅಲ್ಲ. ನೋವಿಲ್ಲದೆ ಮಲಗಿಸಬಹುದು, ಯೋಚಿಸಿ" ಎಂದರು.

ಆ ರಾತ್ರಿ ಮನೆಯಲ್ಲಿ ವಾದವೇ ನಡೆಯಿತು. "ಆಗ ಕೊಲ್ಲಬೇಡಿ ಎಂದವಳು ನಾನು, ಈಗ ಹೇಗೆ ಹೂಂ ಅನ್ನಲಿ?" ಎಂದು ಮಗಳು ಅತ್ತಳು. ನನಗೂ ಉತ್ತರ ತೋಚಲಿಲ್ಲ. ಅತ್ತೆಯವರು ಹೇಳಿದರು, "ಮಗಾ, ಆಗ ಅದಕ್ಕೆ ಬದುಕುವ ಆಸೆಯಿತ್ತು, ನೀನು ಉಳಿಸಿದೆ. ಈಗ ಎರಡು ದಿನದಿಂದ ನೀರಿಗೂ ಕೊಕ್ಕು ಇಡುತ್ತಿಲ್ಲ. ಅದನ್ನು ಕೇಳಿ ನೋಡು, ನನ್ನನ್ನಲ್ಲ." ಮಗಳು ಪೆಟ್ಟಿಗೆಯ ಬಳಿ ಬೆಳಗಿನವರೆಗೆ ಕುಳಿತಿದ್ದು, ಕೊನೆಗೆ ತಾನೇ ವೈದ್ಯರಿಗೆ ಫೋನು ಮಾಡಿದಳು. ಸಾರಿಗೆಂದು ತಂದಿದ್ದ ಯಜಮಾನರೇ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕುಳಿತರು. ಬೆಳ್ಳಿ ಮಗಳ ಕೈಯಲ್ಲೇ ಮಲಗಿದಳು. ತೆಂಗಿನ ಬುಡದಿಂದ ದೂರ, ನಾಯಿ ಕೆದಕದಷ್ಟು ಆಳ ತೋಡಿ ಸುಣ್ಣ ಹಾಕಿ ಮಣ್ಣು ಮಾಡಿದೆವು.

ನಾವೇನೂ ಮಾಂಸ ಬಿಟ್ಟವರಲ್ಲ. ನೀವು ಬಿಡಿ ಎಂದು ಹೇಳುವ ಅಧಿಕಾರವೂ ನನಗಿಲ್ಲ. ಆದರೆ ರಸ್ತೆ ಬದಿಯಲ್ಲಿ ಬಣ್ಣ ಬಳಿದ ಪುಟ್ಟ ಮರಿ ಕಂಡಾಗ, ಅಂಗಡಿಯ ಪಂಜರದಲ್ಲಿ ಮುದ್ದು ಮುಖ ಕಂಡಾಗ, ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ಇದಕ್ಕೆ ಆರು ವರ್ಷವಾದಾಗ ನಾನು ಎಲ್ಲಿರುತ್ತೇನೆ? ಇದು ಮೊಟ್ಟೆ ಇಡದಿದ್ದಾಗ, ಆಡದಿದ್ದಾಗ, ವಾಸನೆ ಬರುವಾಗ ತೊಳೆಯುವವರು ಯಾರು? ಉತ್ತರ "ಅಮ್ಮ" ಎಂದಾದರೆ ಅಮ್ಮನನ್ನು ಮೊದಲು ಕೇಳಿ. "ನಾನೇ" ಎಂದಾದರೆ ಧೈರ್ಯವಾಗಿ ತನ್ನಿ. ಕೊಡುವುದನ್ನು ನಿಲ್ಲಿಸಿದವರನ್ನು ನೋಡಿಕೊಳ್ಳಲು ಕಲಿತ ಕೈ, ನಾಳೆ ಮನೆಯ ಹಿರಿಯರ ಹಾಸಿಗೆಯ ಬಳಿಯೂ ಹಿಂಜರಿಯುವುದಿಲ್ಲ.