ಐದು ತಂತಿ ಎರಡಾದ ಕಥೆ

ಕಾಮರ್ಸ್ ಓದುವವಳಿಗೆ ಚಿಪ್ಪಿನ ಉಸಾಬರಿ ಯಾಕೆ ಎಂದು ಕೇಳಬೇಡಿ. ನಮ್ಮ ಭಾಯಿಜಾನ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷ. ಅಮ್ಮಿ ದಸ್ತರ್‌ಖಾನ್ ಹಾಸಬೇಕೆಂದರೆ ಮೊದಲು ಅವನ ತಂತಿಗಳನ್ನು ಸರಿಸಬೇಕು.

2024ರ ಆಗಸ್ಟ್‌ನಲ್ಲಿ ಟಿ.ಬಿ. ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮೇಲೆ ಹೊಸಪೇಟೆ ಹುಡುಗರಿಗೆ ಪ್ರಾಜೆಕ್ಟ್ ಎಂದರೆ ಡ್ಯಾಮೇ. ಇವನೂ ಒಂದು ಮಾದರಿ ಮಾಡಿದ. 33 ಗೇಟಿಗೆ 33 ದೀಪ, ನೀರಿನ ಮಟ್ಟ ಅಳೆಯಲು ಒಂದು ಸೆನ್ಸರ್. ಒಟ್ಟು 34 ಪಿನ್ ಬೇಕು. ಅವನು ತಂದದ್ದು 'ಬ್ಲೂ ಪಿಲ್' ಎಂದು ಕರೆಯುವ ಅಗ್ಗದ ಬೋರ್ಡು. ಅದರ ಚಿಪ್ಪಿಗೆ 48 ಕಾಲುಗಳಿದ್ದರೂ ಕರೆಂಟು, ರೀಸೆಟ್ಟು ಮುಂತಾದವಕ್ಕೆ ಹೋಗಿ ಉಳಿಯುವುದು ಕಡಿಮೆ. ಅದರಲ್ಲೂ ಐದು ಡಿಬಗ್‌ಗೆ ಮೀಸಲು.

ಡಿಬಗ್ ಎಂದರೆ ನಮ್ಮ ಭಾಷೆಯಲ್ಲಿ ಆಡಿಟ್. ಗುಮಾಸ್ತ ಲೆಕ್ಕ ಬರೆಯುತ್ತಿರುವಾಗಲೇ ಆಡಿಟರ್ ಬಂದು "ಪೆನ್ನು ಕೆಳಗಿಡಿ, ಪುಸ್ತಕ ತೋರಿಸಿ" ಅಂದ ಹಾಗೆ. ಓಡುತ್ತಿರುವ ಪ್ರೊಸೆಸರನ್ನು ನಡುವೆ ನಿಲ್ಲಿಸಿ ಒಳಗಿನ ಅಂಕಿ ನೋಡಬಹುದು, ಹೊಸ ಪ್ರೋಗ್ರಾಂ ತುಂಬಬಹುದು. ಇದಕ್ಕೆ ಹಳೆಯ ದಾರಿ ಜೆಟ್ಯಾಗ್. 1990ರಲ್ಲಿ ಐಇಇಇ 1149.1 ಎಂಬ ಮಾನಕವಾಯಿತು. ಬೋರ್ಡಿನ ಬೆಸುಗೆ ಸರಿಯಿದೆಯೇ ಎಂದು ನೋಡಲು ಹುಟ್ಟಿದ್ದು, ಆಮೇಲೆ ಡಿಬಗ್ಗಿಗೂ ಬಂತು. ತಾಳ ಹಾಕುವ ಕ್ಲಾಕ್ ಒಂದು, ಈಗೇನು ಮಾಡಬೇಕೆಂದು ಹೇಳುವುದು ಒಂದು, ಒಳಗೆ ಹೋಗುವ ಮಾಹಿತಿಗೆ ಒಂದು, ಹೊರಬರುವುದಕ್ಕೆ ಒಂದು. ಬೇಕಾದರೆ ರೀಸೆಟ್ಟಿಗೆ ಐದನೆಯದು.

ಎಕನಾಮಿಕ್ಸ್‌ನಲ್ಲಿ ಅವಕಾಶ ವೆಚ್ಚ ಓದಿದ್ದೇವಲ್ಲ, ಇಲ್ಲಿ ಅದೇ. ಆಡಿಟರ್‌ಗೆ ಐದು ಕುರ್ಚಿ ಕಾದಿರಿಸಿದರೆ ಗಿರಾಕಿಗೆ ಐದು ಕುರ್ಚಿ ಕಡಿಮೆ.

ಅದಕ್ಕೇ ಎರಡು ತಂತಿಯ ದಾರಿ ಹುಡುಕಿದರು. 2009ರ ಐಇಇಇ 1149.7ರಲ್ಲಿ ಕ್ಲಾಕಿಗೊಂದು ತಂತಿ, ಉಳಿದದ್ದಕ್ಕೆಲ್ಲ ಒಂದೇ. ತಳವಾರಘಟ್ಟದ ಹರಿಗೋಲು ನೆನಪಿಸಿಕೊಳ್ಳಿ: ಇರುವುದು ಒಂದೇ ಆದರೆ ಆನೆಗೊಂದಿ ಕಡೆಯವರು ಬಂದು ಇಳಿದ ಮೇಲೆ ಈ ಕಡೆಯವರು ಹತ್ತಬೇಕು. ಹಾಗೆಯೇ ಇಲ್ಲಿ ಒಳಮಾಹಿತಿ, ಆಜ್ಞೆ, ಹೊರಮಾಹಿತಿ ಸರದಿಯಲ್ಲಿ ಒಂದೇ ತಂತಿ ಹಿಡಿಯುತ್ತವೆ. ಒಂದು ವಿಧಾನದಲ್ಲಿ ಹಳೆಯ ಒಂದು ತಾಳದ ಕೆಲಸಕ್ಕೆ ಈಗ ಮೂರು ತಾಳ. ನಿಧಾನ, ನಿಜ. ಆದರೆ ಪ್ರೊಸೆಸರಿನ ಒಳಗಿನ ಡಿಬಗ್ ಭಾಗವನ್ನು ಮುಟ್ಟಬೇಕಿಲ್ಲ. ಪಿನ್ನಿಗೂ ಅದಕ್ಕೂ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರೆ ಸಾಕು, ಒಳಗಿನವನಿಗೆ ಹಳೆಯ ನಾಲ್ಕು ತಂತಿಯೇ ಕಾಣುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ ಆಡುವ ನಮಗೆ ದುಭಾಷಿ ಕೆಲಸ ಹೊಸದಲ್ಲ.

ಬ್ಲೂ ಪಿಲ್‌ನಲ್ಲಿರುವುದು ಆರ್ಮ್ ಕಂಪನಿಯ ಎಸ್‌ಡಬ್ಲ್ಯುಡಿ. ಅದೂ ಎರಡೇ ತಂತಿ, ಆದರೆ ಮಾತಿನ ರೀತಿಯೇ ಬೇರೆ: 8 ಬಿಟ್ ಪ್ರಶ್ನೆ, 3 ಬಿಟ್ ಒಪ್ಪಿಗೆ, ಆಮೇಲೆ 32 ಬಿಟ್ ಮಾಹಿತಿ, ತಪ್ಪು ಹಿಡಿಯಲು ಇನ್ನೊಂದು ಬಿಟ್. ಚಿಪ್ ಮೊದಲು ಜೆಟ್ಯಾಗ್ ಭಾಷೆಯಲ್ಲೇ ಏಳುತ್ತದೆ. 16 ಬಿಟ್ಟಿನ ಒಂದು ಗುರುತು ಕಳಿಸಿದರೆ ಎರಡು ತಂತಿಗೆ ಹೊರಳುತ್ತದೆ.

ಹೀಗೆ ಭಾಯಿಜಾನ್‌ಗೆ ಮೂರು ಪಿನ್ ಉಳಿದು, ಅವನ ಎಣಿಕೆಯಲ್ಲಿ 32 ಆಯಿತು. ಇನ್ನೆರಡು ಬೇಕು. ಆಸೆ ನೋಡಿ, ಡಿಬಗ್ಗಿನ ಆ ಎರಡನ್ನೂ ದೀಪಕ್ಕೆ ಕೊಟ್ಟುಬಿಟ್ಟ! 33 ದೀಪ ಜಗಮಗ ಹೊತ್ತಿದವು. ಪ್ರದರ್ಶನದ ಹಿಂದಿನ ರಾತ್ರಿ ಸೆನ್ಸರಿನ ಲೆಕ್ಕ ತಪ್ಪಿರುವುದು ಗೊತ್ತಾಯಿತು. ತಿದ್ದಲು ಹೋದರೆ ಚಿಪ್ ಮಾತೇ ಆಡುತ್ತಿಲ್ಲ. ಅಬ್ಬಾ ಎದ್ದು ಬಂದು "ಸುಟ್ಟುಹೋಯಿತೇನೋ?" ಎಂದರು. ಇವನಿಗೆ ಅಳುವೊಂದು ಬಾಕಿ.

ಸುಟ್ಟಿರಲಿಲ್ಲ. ಕರೆಂಟು ಬಂದೊಡನೆ ಅವನದೇ ಪ್ರೋಗ್ರಾಂ ಎದ್ದು ಆ ಎರಡು ಪಿನ್ ಕಸಿದುಕೊಳ್ಳುತ್ತಿತ್ತು. ಬೋರ್ಡಿನ ಮೇಲೆ ಬೂಟ್ ಸೊನ್ನೆ ಎಂಬ ಪುಟ್ಟ ಜಂಪರ್ ಇದೆ. ಅದನ್ನು ಒಂದರ ಕಡೆ ಸರಿಸಿ ರೀಸೆಟ್ ಒತ್ತಿದರೆ ನಮ್ಮ ಪ್ರೋಗ್ರಾಂ ಏಳುವುದಿಲ್ಲ, ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಇಟ್ಟದ್ದು ಏಳುತ್ತದೆ. ಪಿನ್ನುಗಳು ಮತ್ತೆ ಡಿಬಗ್ಗಿನವು. ಒಂದೂವರೆ ಗಂಟೆ ರಾತ್ರಿಗೆ ಹಳೆಯದನ್ನು ಅಳಿಸಿ ಹೊಸದು ತುಂಬಿದ.

ಮರುದಿನ 31, 32, 33ನೇ ಗೇಟಿನ ದೀಪಗಳು ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತಿದ್ದವು. ಮೂರಕ್ಕೂ ಒಂದೇ ಪಿನ್.