ಮನಿಪಟ್ಟಿ ಹೆಚ್ಚಾಯ್ತೇನ್ರಿ? ಮೊದಲು ಟೇಪು ಹಿಡೀರಿ!

ಯಾದಗಿರಿ: ಏಪ್ರಿಲ್ ತಿಂಗಳು ಬಂತೆಂದರೆ ಶಹಾಪುರ ಬಸ್ಸಿಗೆ ಕಾಯುವ ಮಂದಿಯ ಮಾತು ಬಿಸಿಲು, ಹತ್ತಿ ರೇಟು, ನಾರಾಯಣಪುರ ಕಾಲುವೆ ನೀರು ಎಲ್ಲ ಮುಗಿಸಿ ಕೊನೆಗೆ ಮನಿಪಟ್ಟಿಗೆ ಬಂದು ನಿಲ್ಲುತ್ತದೆ. "ಹೋದ ವರ್ಷ ಅಷ್ಟಿತ್ತು, ಈ ವರ್ಷ ಇಷ್ಟಾಗ್ಯಾದ. ಯಾರಿಗಿ ಕೇಳ್ಬೇಕ್ರೀ?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕೇಳುವ ಜಾಗ ತಪ್ಪುತ್ತದೆ. ನಗರಸಭೆ ಟೇಬಲ್ಲಿನ ಮುಂದೆ ನಿಂತು "ಭಾಳ ಆಗ್ಯಾದ ಸಾಹೇಬ್ರ, ಜರಾ ಕಡಿಮಿ ಮಾಡ್ರಿ" ಅಂದರೆ ಟೇಬಲ್ಲಿನ ಆಚೆ ಕೂತವರಿಗೆ ಮನಸ್ಸಿದ್ದರೂ ಅಧಿಕಾರ ಇಲ್ಲ. "ನನ್ನ ಮನಿ ಅಳತಿ ತಪ್ಪು ಬರದೀರಿ, ಇಕಾ ಕಾಗದ" ಅಂದರೆ ಮಾತ್ರ ಅವರು ರಿಜಿಸ್ಟರ್ ತೆಗೆಯಲೇಬೇಕು.

ಪಟ್ಟಿ ಹೇಗೆ ಬೀಳುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಹಿಂದಿನ ಕಾಲದಲ್ಲಿ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಅಂದಾಜು ಕಟ್ಟಿ, ಅದರ ಮೇಲೆ ಕರ ಹಾಕುತ್ತಿದ್ದರು. ಅಂದಾಜು ಕಟ್ಟುವವರ ಕಣ್ಣಳತೆಯೇ ಕಾಯ್ದೆ! ದೆಹಲಿಯ ಮನೆ ಮಾಲೀಕರೊಬ್ಬರು ಇದೇ ತಕರಾರು ಹೊತ್ತು ಸುಪ್ರೀಂ ಕೋರ್ಟಿನ ತನಕ ಹೋದರು. ಬಾಡಿಗೆ ನಿಯಂತ್ರಣ ಕಾಯ್ದೆ ಇರುವ ಕಡೆ, ಆ ಕಾಯ್ದೆ ಒಪ್ಪುವ ಬಾಡಿಗೆಗಿಂತ ಹೆಚ್ಚಿಗೆ ಅಂದಾಜು ಕಟ್ಟಬಾರದು ಎಂದು 1979ರಲ್ಲಿ ತೀರ್ಪಾಯಿತು. ಮನೆಯಲ್ಲಿ ಮಾಲೀಕನೇ ಇದ್ದರೂ ಅದೇ ಲೆಕ್ಕ ಎಂದಿತು ಕೋರ್ಟು. ಒಬ್ಬ ಮನೆಯವ ಹಿಡಿದ ಹಟ ದೇಶದ ಎಷ್ಟೋ ಮುನ್ಸಿಪಾಲ್ಟಿಗಳ ಲೆಕ್ಕವನ್ನೇ ಬದಲಿಸಿತು.

ನಮ್ಮ ರಾಜ್ಯದ ಪುರಸಭೆ, ನಗರಸಭೆಗಳಲ್ಲಿ 2002ರಿಂದ ಸ್ವಯಂ ಘೋಷಣೆ ಪದ್ಧತಿ ಬಂತು. ಮನೆಯ ಜಾಗ ಎಷ್ಟು, ಕಟ್ಟಡ ಎಷ್ಟು, ಚಾವಣಿ ಯಾವುದು, ವಯಸ್ಸೆಷ್ಟು, ಮನೆಗೋ ಅಂಗಡಿಗೋ ಎಂದು ಮಾಲೀಕನೇ ಫಾರಂ ತುಂಬಬೇಕು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದ ಮೇಲೆ ಆಸ್ತಿಯ ಬೆಲೆ ತೆಗೆದು, ಅದಕ್ಕೆ ಕರ ಕಟ್ಟಬೇಕು. ಬಹಳ ವರ್ಷ 2005-06ರ ದರವನ್ನೇ ಇಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಶೇ. 15ಕ್ಕೆ ಕಡಿಮೆಯಾಗದಂತೆ ಏರಿಸುತ್ತ ಬಂದರು. 2021-22ರಿಂದ ಕರವನ್ನು ಚಾಲ್ತಿ ಮಾರ್ಗಸೂಚಿ ದರಕ್ಕೇ ಗಂಟು ಹಾಕಿದರು. 2023ರ ಅಕ್ಟೋಬರ್ 1ರಂದು ರಾಜ್ಯದ ತುಂಬ ಮಾರ್ಗಸೂಚಿ ದರ ಏರಿತು. ನೋಂದಣಿ ಮಾಡಿಸುವವರಿಗೆ ಮಾತ್ರ ಸಂಬಂಧಿಸಿದ ಸುದ್ದಿ ಎಂದು ನಮ್ಮ ಮಂದಿ ಅದನ್ನು ಓದಿ ಮಡಚಿ ಇಟ್ಟರು.

ಹೆಸರಿಗೆ ಸ್ವಯಂ ಘೋಷಣೆ. ನಡೆಯುವುದು ಏನು? ಫಾರಂ ಯಾರೋ ತುಂಬುತ್ತಾರೆ, ಕಂಪ್ಯೂಟರಿನವ ಚಲನ್ ತೆಗೆಯುತ್ತಾನೆ, ಯಜಮಾನರು ಕಡೇ ಅಂಕಿ ಒಂದನ್ನೇ ನೋಡಿ ಸಹಿ ಒತ್ತುತ್ತಾರೆ. ಆ ಸಹಿಯೇ ತಕರಾರಿಗೆ ಮೊದಲ ಅಡ್ಡಿ. "ನೀವೇ ಬರ್ದು ಕೊಟ್ಟೀರಲ್ರೀ!" ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಅಳತೆ ಕಡಿಮೆ ಬರೆದವನನ್ನು ಹುಡುಕಿ ಬಂದು ದಂಡ ಹಾಕಲು ಕಾಯ್ದೆಯಲ್ಲಿ ದಾರಿ ಇದೆ. ಹೆಚ್ಚು ಬರೆದವನ ಮನೆಗೆ ಮಾತ್ರ ಯಾರೂ ಬಂದು "ಅಣ್ಣಾರ, ಹೆಚ್ಚು ಕಟ್ಟಾಕತ್ತೀರಿ" ಅನ್ನುವುದಿಲ್ಲ.

ಒಂದು ಮನೆಯ ಲೆಕ್ಕ

ಲೆಕ್ಕಕ್ಕೆಂದು ಒಂದು ಮನೆ ತಗೊಳ್ಳೋಣ. ಅಗಲ 20 ಅಡಿ, ಉದ್ದ 30 ಅಡಿ, ಒಟ್ಟು 600 ಚದರಡಿ. ರಿಜಿಸ್ಟರಿನಲ್ಲಿ 20ರ ಜಾಗಕ್ಕೆ 30 ಬಿದ್ದರೆ ಆಯಿತು 900. ಒಂದು ಅಂಕಿಯಲ್ಲಿ ಮನೆ ಒಂದೂವರೆ ಪಟ್ಟು ದೊಡ್ಡದು! ಕರ 2,000 ಇದ್ದದ್ದು 3,000 ಆಗುತ್ತದೆ ಅನ್ನಿ. ಇಷ್ಟಕ್ಕೇ ನಿಲ್ಲುವುದಿಲ್ಲ. ಕರದ ಬೆನ್ನಿಗೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3, ಕೂಡಿ ಶೇ. 24 ಬರುತ್ತದೆ. 2,480 ಕಟ್ಟಬೇಕಾದವ 3,720 ಕಟ್ಟುತ್ತಾನೆ. ವರ್ಷಕ್ಕೆ 1,240 ರೂಪಾಯಿ ಸುಮ್ಮಸುಮ್ಮನೆ. ಹತ್ತು ವರ್ಷ ಹೀಗೇ ಕಟ್ಟಿದರೆ ಎಷ್ಟು ಎಂಬುದನ್ನು ಕಿರಾಣಿ ಅಂಗಡಿಯವರಿಗೆ ನಾನು ಹೇಳಿಕೊಡಬೇಕಿಲ್ಲ.

ಅಂಗಡಿಯವರ ಮಾತು ಬಂತಲ್ಲ, ಅಲ್ಲಿಯೇ ಇನ್ನೊಂದು ಗುಂಡಿ ಇದೆ. ನಮ್ಮ ಮೂರೂ ಊರುಗಳಲ್ಲಿ ಎಷ್ಟೋ ಮಂದಿಗೆ ಮುಂದಿನ ಕೋಣೆಯೇ ಅಂಗಡಿ, ಹಿಂದೆ ಸಂಸಾರ. 600ರಲ್ಲಿ 120 ಚದರಡಿ ಅಂಗಡಿ ಇದ್ದರೆ ಅಷ್ಟಕ್ಕೆ ವಾಣಿಜ್ಯ ದರ, ಉಳಿದ 480ಕ್ಕೆ ಮನೆಯ ದರ. ಫಾರಂನಲ್ಲಿ ಒಂದೇ ಗೆರೆಯಲ್ಲಿ "ವಾಣಿಜ್ಯ" ಎಂದು ಬಿದ್ದರೆ ಅಡುಗೆಮನೆ, ದೇವರಜಗುಲಿಗೂ ಅಂಗಡಿ ದರವೇ. ಷಟರ್ ಹಾಕಿ ಅಂಗಡಿ ನಿಲ್ಲಿಸಿ ನಾಲ್ಕು ವರ್ಷವಾದ ಮನೆಗಳೂ ಕಾಗದದಲ್ಲಿ ಇನ್ನೂ ವ್ಯಾಪಾರ ನಡೆಸುತ್ತಿರಬಹುದು, ನೋಡಿಕೊಳ್ಳಿ.

ಸುರಪುರದವರು ಇನ್ನೊಂದು ಕಲಂ ನೋಡಬೇಕು. ಅಲ್ಲಿ ಕಲ್ಲು ಗೋಡೆ, ಮಣ್ಣಿನ ಮಾಳಿಗೆಯ ಅಜ್ಜನ ಕಾಲದ ಮನೆಗಳು ಇನ್ನೂ ನಿಂತಿವೆ. ಅಂಥ ಮನೆಗೂ ಆರ್‌ಸಿಸಿ ಮನೆಗೂ ಬೆಲೆ ಒಂದೇ ಅಲ್ಲ. ಕಟ್ಟಡಕ್ಕೆ ವಯಸ್ಸಾದಂತೆ ಸವಕಳಿ ಎಂದು ಬೆಲೆಯಲ್ಲಿ ಕಡಿತ ಸಿಗಬೇಕು. ಮನೆ ಹಳೆಯದು ಎಂದು ಬಾಯಲ್ಲಿ ಹೇಳಿದರೆ ಸಾಲದು. ಹಳೇ ಖರೀದಿ ಪತ್ರ, ಮುನ್ಸಿಪಾಲ್ಟಿಯ ಹಳೇ ರಸೀದಿ, ಕೆಇಬಿ ಕಾಲದ ಮೀಟರ್ ಕಾಗದ, ಯಾವುದಾದರೂ ಒಂದು ಇರಲಿ. ನಿಜಾಮರ ಕಾಲದ ಉರ್ದು ಕಾಗದ ಪೆಟ್ಟಿಗೆಯಲ್ಲಿದ್ದರೆ ಅದನ್ನೂ ಓದಿಸಿ, ಕನ್ನಡ ಮಾಡಿಸಿ ಲಗತ್ತಿಸಿ. ರದ್ದಿಗೆ ಹಾಕಬ್ಯಾಡ್ರಿ.

ತಕರಾರು ಕೊಡುವುದು ಹೇಗೆ?

ಇಬ್ಬರು ಟೇಪು ಹಿಡಿದು ಮನೆ ಅಳೆಯಿರಿ. ಬಿಳಿ ಹಾಳೆಯ ಮೇಲೆ ನಕ್ಷೆ ಬರೆಯಿರಿ, ಚಂದ ಇರಬೇಕಿಲ್ಲ. ಆಮೇಲೆ ಪೌರಾಯುಕ್ತರ ಹೆಸರಿಗೆ ಅರ್ಜಿ. ಆಸ್ತಿ ಸಂಖ್ಯೆ, ವಾರ್ಡು, ದಾಖಲೆಯಲ್ಲಿ ಏನಿದೆ, ನಿಜವಾಗಿ ಏನಿದೆ, ಸ್ಥಳ ತನಿಖೆ ಮಾಡಿ ತಿದ್ದಬೇಕು ಎಂದು ನಾಲ್ಕೇ ಸಾಲು. ಬಡತನ, ಮಗಳ ಮದುವೆ, ಬೆಳೆ ಹೋದದ್ದು ಅಲ್ಲಿ ಬರೆದರೆ ಅಸಲು ಮಾತು ಮುಚ್ಚಿಹೋಗುತ್ತದೆ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಆವಕ ಶಿಕ್ಕಾ, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ. "ಇಟ್ಟು ಹೋಗ್ರಿ, ನೋಡ್ತೀವಿ" ಎಂದು ಬಿಟ್ಟುಬಂದ ಅರ್ಜಿಗೆ ಅಪ್ಪ ಅಮ್ಮ ಇರುವುದಿಲ್ಲ.

ರಿಜಿಸ್ಟರಿನಲ್ಲಿ ಏನು ಬರೆದಿದೆ ಎಂದೇ ತೋರಿಸದಿದ್ದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಆಸ್ತಿಯ ಅಳತೆ, ಕರ ಲೆಕ್ಕ ಹಾಕಿದ ಹಾಳೆಯ ನಕಲು ಬೇಕೆಂದು ಕೇಳಿ. "ಪಟ್ಟಿ ಯಾಕೆ ಹೆಚ್ಚು ಮಾಡಿದಿರಿ" ಎಂದು ಕೇಳಿದರೆ ಅದು ಮಾಹಿತಿ ಅರ್ಜಿ ಆಗುವುದಿಲ್ಲ, ಜಗಳ ಆಗುತ್ತದೆ.

ನಮ್ಮ ಮಂದಿ ಎಡವುವುದು ಇನ್ನು ಮುಂದೆ. ತಕರಾರು ಕೊಟ್ಟೆವೆಂದು ಪಟ್ಟಿ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ಮಾರ್ಚ್ ತನಕ ಹಟ ಹಿಡಿದು ಕೂತರೆ ಒಂಬತ್ತು ತಿಂಗಳಿಗೆ ಶೇ. 18. ಸಾಹುಕಾರನ ಬಡ್ಡಿಗೆ ಬೈಯುವವರು ಇದನ್ನು ನೋಡಿಕೊಳ್ಳಬೇಕು. ಹಣ ಕಟ್ಟಿ, ಜೊತೆಗೆ "ತಕರಾರಿಗೆ ಒಳಪಟ್ಟು ಕಟ್ಟಿದ್ದೇನೆ" ಎಂದು ಬರೆದು ಕೊಡಿ. ತಿದ್ದುಪಡಿ ಆದರೆ ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಡಿ ಎಂದು ಕೇಳಲು ಮುಖ ಇರುತ್ತದೆ.

ಕಚೇರಿ ಕೇಳದೇ ಹೋದರೆ ಬಾಗಿಲು ಮುಚ್ಚಿತೆಂದಲ್ಲ. ಬಿಲ್ಲಿನ ವಿರುದ್ಧ ಮ್ಯಾಜಿಸ್ಟ್ರೇಟರ ಮುಂದೆ ಮೇಲ್ಮನವಿಗೆ 1964ರ ಪುರಸಭೆಗಳ ಕಾಯ್ದೆಯಲ್ಲಿಯೇ ದಾರಿ ಇದೆ. ಅದಕ್ಕೆ ದಿನಗಳ ಗಡುವು ಬಿಗಿ. ಬಿಲ್ಲು, ನೋಟೀಸು ಕೈಗೆ ಬಂದ ವಾರದಲ್ಲೇ ವಕೀಲರಿಗೆ ತೋರಿಸಬೇಕು, ದಸರಾ ಮುಗಿಯಲಿ ಎನ್ನಬಾರದು. ಶಹಾಪುರ, ಸುರಪುರದವರು ಇದಕ್ಕೆ ಊರು ಬಿಡಬೇಕಿಲ್ಲ, ಕೋರ್ಟು ಅಲ್ಲಿಯೇ ಇವೆ. ಜಿಲ್ಲಾಧಿಕಾರಿಗೆ ಅರ್ಜಿ ಕೊಡುವುದಿದ್ದರೂ 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆ ಆದ ಮೇಲೆ ಕಲಬುರಗಿ ರೈಲು ಹಿಡಿಯುವ ಕೆಲಸ ತಪ್ಪಿದೆ.

ಅಳತೆ, ಚಾವಣಿ, ವಯಸ್ಸು, ಉಪಯೋಗ ಎಲ್ಲ ಸರಿಯಿದ್ದೂ ಪಟ್ಟಿ ಹೆಚ್ಚು ಅನಿಸಿದರೆ? ಆಗ ಜಗಳ ದರದ್ದು. ಅದಕ್ಕೆ ಈ ತಕರಾರು ಅರ್ಜಿ ನಡೆಯುವುದಿಲ್ಲ. ಶೇಕಡಾ ಎಷ್ಟು ಕರ ಎಂಬುದು ಕಾಯ್ದೆಯ ಮಿತಿಯೊಳಗೆ ನಗರಸಭೆಯ ಠರಾವಿನಲ್ಲಿ ಆಗುತ್ತದೆ, ಅದನ್ನು ವಾರ್ಡಿನ ಸದಸ್ಯರ ಕೊರಳಿಗೆ ಕಟ್ಟಬೇಕು. ಬೀದಿ ಬೀದಿಯ ಮಾರ್ಗಸೂಚಿ ದರ ಏರಿಸುವ ಮುಂಚೆ ಕರಡು ಪಟ್ಟಿಯನ್ನು ಉಪನೋಂದಣಿ ಕಚೇರಿಯಲ್ಲಿ ಹಚ್ಚಿ ಆಕ್ಷೇಪಣೆ ಕರೆಯುತ್ತಾರೆ. ಕೆಲವೇ ದಿನ ಅವಕಾಶ. ನಿಮ್ಮ ಓಣಿಯ ಮಣ್ಣುದಾರಿಗೂ ಮುಖ್ಯರಸ್ತೆಗೂ ಒಂದೇ ದರ ಬಿದ್ದಿದ್ದರೆ ಆಗ ಬರೆದುಕೊಡಬೇಕು. ಓಣಿಯ ಹತ್ತು ಮನೆಯವರು ಕೂಡಿ ಒಂದೇ ಅರ್ಜಿಗೆ ಸಹಿ ಹಾಕಿದರೂ ನಡೆಯುತ್ತದೆ. ಆ ಪಟ್ಟಿ ಗೋಡೆ ಮೇಲೆ ಹಚ್ಚಿದ ದಿನ ನಮ್ಮ ಪತ್ರಿಕೆಯಲ್ಲಿ ಹಾಕುತ್ತೇವೆ.